ಗಿಣಿಯ ಮಾತು

ನಮ್ಮ ಮನೆ ಚಿಕ್ಕಜಾಜೂರು ಸ್ಟೇಷನ್ನಿಗೆ ಎಷ್ಟು ಹತ್ತಿರವಿತ್ತೆಂದರೆ, ಗಾಡಿ ಬಂದಾಗ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುವುದು ಮನೆಮಂದಿಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು. ಬೆಂಗಳೂರು-ಹುಬ್ಬಳ್ಳಿಯ ಗಾಡಿಗಳು ಒಂದು ಕಡೆ, ದುರ್ಗದ ಕಡೆಗೆ ಕವಲೊಡೆಯುವ ಗಾಡಿ ಇನ್ನೊಂದು ಕಡೆ. ಆಗಿನ್ನೂ ಮೀಟರ್ ಗೇಜಿನ ಕಾಲ. ಅಮ್ಮ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಕೇಳಿದರೆ, ಅದಕ್ಕೆ ಉತ್ತರ ಬರಬೇಕಾದರೆ ಗಾರ್ಡಿನ ಡಬ್ಬಿ ದಾಟಿಹೋಗಬೇಕು.

ಅಂಥ ಮನೆಯಲ್ಲಿ 1984ರ ಗಣೇಶನ ಹಬ್ಬಕ್ಕೆ ಗಾಡಿಯ ಸದ್ದನ್ನೂ ಮೀರಿದ ಸದ್ದೊಂದು ಒಂಬತ್ತು ದಿನ ತುಂಬಿಕೊಂಡಿತ್ತು. ಬೀದಿಯ ಪೆಂಡಾಲಿನ ಮೈಕ್‌ಸೆಟ್ಟಿನ ತುತ್ತೂರಿಗಳಲ್ಲಿ ಒಂದನ್ನು ನಮ್ಮ ಬಾಗಿಲಿಗೆ ಮುಖಮಾಡಿ ಕಟ್ಟಿದ್ದರು. ಬೆಳಿಗ್ಗೆ ದೇವರನಾಮ ಮುಗಿದ ಕೂಡಲೇ ಶುರು, 'ನೀನೇ ಸಾಕಿದ ಗಿಣಿ'. ಮಧ್ಯಾಹ್ನ ಮತ್ತೊಮ್ಮೆ. ರಾತ್ರಿ ಮಂಗಳಾರತಿ ಆದ ಮೇಲೆ ಇನ್ನೊಮ್ಮೆ. ನಮ್ಮ ಚಿಕ್ಕಮ್ಮ ಒಳಗೆ ಹಾಸಿಗೆ ಸುತ್ತಿಡುವ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕೂತಿರುತ್ತಿದ್ದಳು. ನಾನು ಅವಳಿಗಿಂತ ಹತ್ತು ವರ್ಷ ಚಿಕ್ಕವಳು. ಹಾಡು ನನಗೆ ಬಹಳ ಇಷ್ಟ. ಗುನುಗಿದ್ದಕ್ಕೆ ಅಮ್ಮ ಬೆನ್ನಿಗೆ ಒಂದು ಬಿಟ್ಟಳು. ಯಾಕೆಂದು ಆಗ ತಿಳಿಯಲಿಲ್ಲ.

ಕಥೆ ಇಷ್ಟೇ. ಚಿಕ್ಕಮ್ಮನನ್ನು ಓದಿಸಿದ್ದು ಅವಳ ಸೋದರಮಾವ, ಅಂದರೆ ನಮ್ಮ ಅಜ್ಜಿಯ ತಮ್ಮ. ದುರ್ಗದಲ್ಲಿ ಟಿ.ಸಿ.ಎಚ್. ತರಬೇತಿಗೆ ಎರಡು ವರ್ಷದ ಫೀಸು, ಪುಸ್ತಕ, ರೈಲಿನ ಪಾಸು ಎಲ್ಲ ಅವರದೇ. ಅವರಿಗೊಬ್ಬ ಮಗ. ಚಿಕ್ಕಮ್ಮನಿಗೆ ಬಾವ, ನಮಗೆ ಮಕ್ಕಳಿಗೆಲ್ಲ ಮಾವ. ಓದು ಮುಗಿದ ಮೇಲೆ ಇವರಿಬ್ಬರಿಗೂ ಮದುವೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಕಂಡಿರಲಿಲ್ಲ. ಮಾವ ಕೆಟ್ಟವನಲ್ಲ, ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಮಳೆಗಾಲದಲ್ಲಿ ದುರ್ಗದ ಗಾಡಿ ತಡವಾದರೆ ಛತ್ರಿ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಿದ್ದವನು ಅವನೇ. ಚಿಕ್ಕಮ್ಮನಿಗೆ ಹೊಸದುರ್ಗ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಗೆ ಕೆಲಸದ ಆರ್ಡರು ಬಂತು. ಅದೇ ವಾರ ಅವಳು ಅಜ್ಜಿಯ ಮುಂದೆ ನಿಂತು, "ನನಗೆ ಬಾವನ ಮೇಲೆ ಗೌರವ ಇದೆ ಕಣವ್ವ, ಮದುವೆ ಆಗೋ ಮನಸ್ಸಿಲ್ಲ" ಎಂದಳು. ಆಮೇಲೆ ಬಂದದ್ದು ಗಣೇಶನ ಹಬ್ಬ. ಮೈಕ್‌ಸೆಟ್ಟಿನವನು ಮಾವನ ಸ್ನೇಹಿತ.

ಇಷ್ಟು ವರ್ಷಗಳ ಮೇಲೆ ಆ ಹಾಡಿನ ಬಗ್ಗೆ ಬರೆಯಲು ಕೂತಿದ್ದೇನೆ. ಎಷ್ಟೋ ಸಲ ಯೋಚಿಸಿದ್ದೇನೆ: ತಪ್ಪು ಹಾಡಿನದೋ, ಹಾಕಿದವರದೋ?

'ನೀನೇ ಸಾಕಿದ ಗಿಣಿ' ಪುಟ್ಟಣ್ಣ ಕಣಗಾಲರ 1982ರ 'ಮಾನಸ ಸರೋವರ' ಚಿತ್ರದ್ದು. ಬರೆದವರು ವಿಜಯನಾರಸಿಂಹ, ರಾಗ ಕೂಡಿಸಿದವರು ವಿಜಯಭಾಸ್ಕರ್, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ತೆರೆಯ ಮೇಲೆ ಶ್ರೀನಾಥ್. ಈ ಕೂಟ ದುರ್ಗದವರಾದ ನಮಗೆ ಹೊಸದೇನಲ್ಲ. ಹತ್ತು ವರ್ಷ ಹಿಂದೆ, 1972ರಲ್ಲಿ, ಇದೇ ನಿರ್ದೇಶಕ, ಇದೇ ಕವಿ, ಇದೇ ಸಂಗೀತಗಾರ, ಇದೇ ಗಾಯಕ ಸೇರಿ 'ನಾಗರಹಾವು' ಚಿತ್ರಕ್ಕೆ 'ಹಾವಿನ ದ್ವೇಷ' ಕೊಟ್ಟಿದ್ದರು. ವಿಷ್ಣುವರ್ಧನ್ ನಮ್ಮ ಕೋಟೆಯ ಬಂಡೆಗಳ ನಡುವೆ ಕುದಿದದ್ದು ಆ ಹಾಡಿಗೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಆ ಚಿತ್ರದಲ್ಲಿ ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಸ್ವತಃ ಕಾದಂಬರಿಕಾರರೇ ನೊಂದುಕೊಂಡರಂತೆ ಎಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಆದರೆ ಬೀದಿಯ ಹುಡುಗರಿಗೆ ಅದು ನಾಗರಹಾವೇ. 2018ರಲ್ಲಿ ಚಿತ್ರವನ್ನು ಹೊಸ ತಂತ್ರದಲ್ಲಿ ಮತ್ತೆ ಬಿಡುಗಡೆ ಮಾಡಿದಾಗ, ಅಪ್ಪಂದಿರು ಮಕ್ಕಳ ಕೈಹಿಡಿದು ಥಿಯೇಟರಿಗೆ ಕರೆದೊಯ್ದದ್ದನ್ನು ನಾನೇ ಕಂಡಿದ್ದೇನೆ.

ಈ ಎರಡು ಹಾಡುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿ ನೋಡಿ. ಮೊದಲನೆಯದರಲ್ಲಿ ಎಸ್‌ಪಿಬಿಯವರಿಗೆ ಇಪ್ಪತ್ತಾರು. ರಾಮಾಚಾರಿಯ ಹಾಗೆಯೇ ಹುಡುಗ ದನಿ; ಸಿಟ್ಟು ಮೂಗಿನ ತುದಿಯಲ್ಲಿ. ನೋವನ್ನು ನೋವೆಂದು ಒಪ್ಪಿಕೊಳ್ಳಲು ನಾಚಿ, ಅದನ್ನು ರೋಷವೆಂದು ಕರೆದುಕೊಳ್ಳುವ ವಯಸ್ಸು. ಎರಡನೆಯದರ ಹೊತ್ತಿಗೆ ಮೂವತ್ತಾರು. ರೋಷ ಸೋತುಹೋಗಿದೆ. ಗಿಣಿ ಎಂಬ ಮಾತು ಬಂದಾಗಲೆಲ್ಲ ದನಿ ಮಗುವನ್ನು ಎತ್ತಿಕೊಂಡ ಹಾಗೆ ಮೆತ್ತಗಾಗುತ್ತದೆ, ಮರುಗಳಿಗೆಯಲ್ಲೇ ಒಡೆದುಹೋಗುತ್ತದೆ. ಪ್ರಣಯರಾಜ ಎಂದು ಹೆಸರಾಗಿದ್ದ ಶ್ರೀನಾಥರು ಗಡ್ಡ ಬಿಟ್ಟು, ಬಟ್ಟೆಯ ಪರಿವೆಯಿಲ್ಲದೆ ಅಲೆಯುವುದನ್ನು ನೋಡಿ ದಾವಣಗೆರೆಯ ಥಿಯೇಟರಿನಲ್ಲಿ ನಮ್ಮ ಪಕ್ಕದ ಸಾಲಿನ ಗಂಡಸರೆಲ್ಲ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡಿದ್ದರು. ಆಗ ಗಂಡಸರು ಹಾಗೆ ನಾಲ್ಕು ಜನರ ಮುಂದೆ ಅಳುತ್ತಿರಲಿಲ್ಲ. ಅಳುವುದಕ್ಕೆ ಅವರಿಗೊಂದು ಜಾಗ ಮಾಡಿಕೊಟ್ಟಿತಲ್ಲ, ಅದು ಆ ಹಾಡಿನ ದೊಡ್ಡತನ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಇನ್ನು ಕಥೆ. ಆನಂದ ಮನೋವೈದ್ಯ. ಮನಸ್ಸು ಕೆಟ್ಟಿದ್ದ ವಾಸಂತಿಯನ್ನು ಗುಣಪಡಿಸುತ್ತಾನೆ, ಗುಣಪಡಿಸುತ್ತ ಅವಳನ್ನು ಪ್ರೀತಿಸುತ್ತಾನೆ. ಗುಣವಾದ ವಾಸಂತಿ ತರುಣ ಸಂತೋಷನನ್ನು ಒಪ್ಪುತ್ತಾಳೆ. ವೈದ್ಯನ ಮನಸ್ಸು ಕೆಡುತ್ತದೆ. ಈ ಚಿತ್ರದಲ್ಲಿ ನಿರ್ದೇಶಕರ ಸ್ವಂತ ಬಾಳಿನ ನೋವಿದೆ ಎಂದು ಆಗ ಜನ ಆಡಿಕೊಂಡರು. ಅದು ನಮಗೆ ಬೇಡ. ಒಬ್ಬರ ಮನೆಯ ಕಿಟಕಿಯಲ್ಲಿ ಇಣುಕಿ ಹಾಡು ಅರ್ಥಮಾಡಿಕೊಳ್ಳುವ ಚಟಕ್ಕೆ ಬಿದ್ದರೆ ಹಾಡೂ ಕೈಗೆ ಸಿಗುವುದಿಲ್ಲ, ಮನೆಯ ಮಾನವೂ ಉಳಿಯುವುದಿಲ್ಲ.

ನನ್ನ ಗಂಟಲಿಗೆ ಮುಳ್ಳಾಗಿ ನಿಂತಿರುವುದು ಒಂದೇ ಒಂದು ಪದ, 'ಸಾಕಿದ'. ನಾವು ಏನೇನನ್ನು ಸಾಕುತ್ತೇವೆ? ಎಮ್ಮೆ, ಕುರಿ, ಕೋಳಿ, ನಾಯಿ, ಗಿಣಿ. ಮಕ್ಕಳನ್ನೂ ಸಾಕುತ್ತೇವೆ. ಆದರೆ ಹೆಂಡತಿಯಾಗಬೇಕಾದವಳನ್ನು ಸಾಕುವುದೆಂದರೇನು? ಕಾಯಿಲೆ ವಾಸಿಮಾಡಿದ್ದಕ್ಕೆ ವೈದ್ಯನಿಗೆ ಸಲ್ಲಬೇಕಾದದ್ದು ಕೃತಜ್ಞತೆ. ಅದನ್ನು ಪ್ರೀತಿಯ ಲೆಕ್ಕಕ್ಕೆ ಜಮಾ ಮಾಡಿಕೊಂಡದ್ದು ಅವನೇ. ಹಾರಲು ಬಾರದ ಹಕ್ಕಿಗೆ ರೆಕ್ಕೆ ಬರಿಸಿದವನು, ಅದು ಹಾರಿದ ದಿನ ಹದ್ದಾಯಿತು ಎಂದರೆ ಹೇಗೆ? ರೆಕ್ಕೆ ಬರಿಸಿದ್ದು ಹಾರಲಿಕ್ಕೆ ಅಲ್ಲವೇ?

ಓದಿದ ನಿಮಗೆ ಇಲ್ಲಿ ಇನ್ನೊಂದು ಚಿತ್ರ ನೆನಪಾಗಬಹುದು. ಪುಟ್ಟಣ್ಣನವರು ಕನ್ನಡದಲ್ಲಿ ಹೆಸರು ಮಾಡಿದ್ದೇ ಹೆಂಗಸರು ಬರೆದ ಕಾದಂಬರಿಗಳಿಂದ. 1967ರ 'ಬೆಳ್ಳಿಮೋಡ' ತ್ರಿವೇಣಿಯವರದು, 1969ರ 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು, 1971ರ 'ಶರಪಂಜರ' ಮತ್ತೆ ತ್ರಿವೇಣಿಯವರದು. 'ಬೆಳ್ಳಿಮೋಡ'ದ ಇಂದಿರೆಯನ್ನು ನೆನಪಿಸಿಕೊಳ್ಳಿ. ಆಸ್ತಿಯ ಆಸೆಗೆ ಮದುವೆಗೆ ಒಪ್ಪಿದ್ದ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದ ಕೂಡಲೇ ಮಾತು ಮುರಿಯುತ್ತಾನೆ. ಅದೇ ಮೋಹನ ಪೆಟ್ಟುತಿಂದು ಮಲಗಿದಾಗ ಇಂದಿರೆ ಅವನ ಆರೈಕೆ ಮಾಡುತ್ತಾಳೆ. ಗುಣವಾದವನು ಪಶ್ಚಾತ್ತಾಪದಿಂದ ಕೈಚಾಚಿದಾಗ ಬೇಡವೆನ್ನುತ್ತಾಳೆ. ನೋಡಿ, ಇಲ್ಲಿಯೂ ಒಬ್ಬರು ಇನ್ನೊಬ್ಬರನ್ನು ಗುಣಪಡಿಸಿದ್ದಾರೆ, ಇಲ್ಲಿಯೂ ಮನಸ್ಸು ಮುರಿದಿದೆ. ಆದರೆ ಗುಣಪಡಿಸಿದವಳು ಹೆಣ್ಣು. ನಾನು ನಿನ್ನನ್ನು ಉಳಿಸಿದೆ, ಆದ್ದರಿಂದ ನೀನು ನನ್ನವನು ಎಂದು ಅವಳು ಒಂದು ಸಲವೂ ಅನ್ನುವುದಿಲ್ಲ. ಸೇವೆ ಬೇರೆ, ಒಲವು ಬೇರೆ ಎಂಬುದು ತ್ರಿವೇಣಿಯವರ ಇಂದಿರೆಗೆ ಗೊತ್ತಿತ್ತು. ಹದಿನೈದು ವರ್ಷಗಳ ಮೇಲೆ ಬಂದ, ಮನಶ್ಶಾಸ್ತ್ರ ಓದಿದ ಡಾಕ್ಟರಿಗೆ ಗೊತ್ತಾಗಲಿಲ್ಲ.

'ಶರಪಂಜರ'ದ ಕಾವೇರಿಯೂ ಮನಸ್ಸು ಕೆಟ್ಟವಳೇ. ಅವಳು ಗುಣವಾಗಿ ಮನೆಗೆ ಬಂದರೂ ಗಂಡನ ನಡತೆ, ನೆರೆಹೊರೆಯವರ ಪಿಸುಮಾತು ಸೇರಿ ಅವಳನ್ನು ಮತ್ತೆ ಆಸ್ಪತ್ರೆಗೇ ಅಟ್ಟುತ್ತವೆ. ಒಬ್ಬ ಹೆಂಗಸು ಹುಚ್ಚಿಯಾದದ್ದೇಕೆಂದು ಹೇಳಲು ಒಂದಿಡೀ ಕಾದಂಬರಿ ಬೇಕಾಯಿತು, ನೂರು ಕಾರಣ ಬೇಕಾದವು. ಗಂಡಸು ಹುಚ್ಚನಾದದ್ದೇಕೆಂದು ಹೇಳಲು ಒಂದು ಹಾಡು ಸಾಕಾಯಿತು: ಗಿಣಿ ಕಾರಣ.

ಹೀಗೆಲ್ಲ ನಾನು ಹಾಡಿನ ಮೇಲೆ ಹರಿಹಾಯುತ್ತಿದ್ದಾಗ ನನ್ನ ಬಾಯಿ ಮುಚ್ಚಿಸಿದವಳು ಬೇರೆ ಯಾರೂ ಅಲ್ಲ, ಚಿಕ್ಕಮ್ಮನೇ. ಅವಳಿಗಾಗಲೇ ಮದುವೆಯಾಗಿ, ಇಬ್ಬರು ಮಕ್ಕಳಾಗಿ, ಹೆಡ್‌ಮಿಸ್ಸೂ ಆಗಿದ್ದಳು. ದಸರೆಯ ರಜೆಗೆ ಜಾಜೂರಿಗೆ ಬಂದಿದ್ದಾಗ ರೇಡಿಯೋದಲ್ಲಿ ಭದ್ರಾವತಿ ಸ್ಟೇಷನ್ನಿನಿಂದ ಅದೇ ಹಾಡು ಬಂತು. ನಾನು ಧಾವಿಸಿ ಕಿವಿ ತಿರುಚಲು ಹೋದೆ. "ಇರಲಿ ಬಿಡೇ" ಎಂದಳು. ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದಳು. ಆಮೇಲೆ ಪಾಠ ಮಾಡುವ ದನಿಯಲ್ಲಿ ಕೇಳಿದಳು:

"ಆ ಹಾಡಿನಲ್ಲಿ 'ನೀನು' ಅಂದರೆ ಯಾರು, ಹೇಳು ನೋಡೋಣ?"

"ಯಾರು ಅಂದರೆ... ಅವಳು. ವಾಸಂತಿ."

"ಅವಳೇ ಗಿಣಿ ಆದರೆ ಸಾಕಿದವಳೂ ಅವಳೇನೇ? ಸರಿಯಾಗಿ ಕೇಳಿಸಿಕೋ. ಅವನು ಮಾತಾಡಿಸ್ತಿರೋದು ಗಂಡಸನ್ನು. ಬಾರೋ, ಹೋಗೋ ಅಂತೀವಲ್ಲ, ಹಾಗೆ. ತನ್ನನ್ನು ತಾನೇ ಏಕವಚನದಲ್ಲಿ ಕರಕೊಂಡು ಬೈಕೋತಾ ಇದಾನೆ. ತಪ್ಪು ತಿಳಕೊಂಡೆಯಲ್ಲೋ ಪೆದ್ದ ಅಂತ."

ನಾನು ಬೆಪ್ಪಾದೆ. ಎಷ್ಟು ಸಾವಿರ ಸಲ ಕೇಳಿದ್ದೇನೆ, ಈ ವ್ಯಾಕರಣ ಹೊಳೆದಿರಲಿಲ್ಲ. ನಿಜ, ಇಡೀ ಹಾಡು ಒಬ್ಬ ಗಂಡಸು ಕನ್ನಡಿಯ ಮುಂದೆ ನಿಂತು ಆಡಿದ ಮಾತು. ವಿಜಯನಾರಸಿಂಹರು ಅದನ್ನು ಹುಚ್ಚನ ಬಾಯಲ್ಲಿ ಇಟ್ಟಿದ್ದಾರೆ. ವಾಸಂತಿಯ ಮೇಲೆ ಅವನು ದೂರು ಹೇಳುತ್ತಿರಬಹುದು, ಆದರೆ ಕೂಗಿ ಕರೆಯುತ್ತಿರುವುದು ತನ್ನನ್ನೇ. ಬುದ್ಧಿ ಸ್ತಿಮಿತದಲ್ಲಿರುವವರು ಇಂಥ ಮಾತನ್ನು ಹೀಗೆ ಆಡುವುದಿಲ್ಲ ಎಂಬ ಎಚ್ಚರವೂ ಅದರಲ್ಲಿ ಇದೆ. ಚಿತ್ರದೊಳಗಿರುವಷ್ಟು ಹೊತ್ತೂ ಹಾಡಿಗೆ ಈ ಬೇಲಿ ಇತ್ತು. ಮೈಕ್‌ಸೆಟ್ಟಿಗೆ ಬಂದಾಗ ಬೇಲಿ ಬಿದ್ದುಹೋಯಿತು. ಹುಚ್ಚ ಮಾಯವಾದ, ಕನ್ನಡಿ ಮಾಯವಾಯಿತು. ಉಳಿದದ್ದು ದೂರು ಮಾತ್ರ, ಅದರ ತುತ್ತೂರಿ ಯಾವುದಾದರೂ ಒಬ್ಬಳ ಬಾಗಿಲಿಗೆ ಮುಖಮಾಡಿ ಕಟ್ಟಲು ಸಿದ್ಧ.

ಒಂದು ಹಾಡು ಗೆದ್ದಿತೆಂದರೆ ಹೀಗೇ ಆಗುತ್ತದೇನೋ. ಬರೆದವರ ಕೈಯಲ್ಲಿ ಅದು ಇರುವುದಿಲ್ಲ. ಪುಟ್ಟಣ್ಣ 1985ರಲ್ಲಿ ತೀರಿಕೊಂಡರು. ವಿಜಯನಾರಸಿಂಹ, ವಿಜಯಭಾಸ್ಕರ್ ಒಬ್ಬರ ಹಿಂದೆ ಒಬ್ಬರು ಹೋದರು. 2020ರಲ್ಲಿ ಎಸ್‌ಪಿಬಿ ಹೋದಾಗ ನಮ್ಮ ಓಣಿಯ ಮನೆಮನೆಯಲ್ಲೂ ಮೊಬೈಲಿನಲ್ಲಿ ಮೊಳಗಿದ ಹಾಡುಗಳಲ್ಲಿ ಗಿಣಿಯೂ ಒಂದು. ಮಾಡಿದ ನಾಲ್ವರೂ ಇಲ್ಲ, ಹಾಡು ಇದೆ. ಅದರ ಮರಿಮಕ್ಕಳಂತೂ ಲೆಕ್ಕವಿಲ್ಲದಷ್ಟು. ಕೈಕೊಟ್ಟ ಹುಡುಗಿ, ಗಡ್ಡ ಬಿಟ್ಟ ಹುಡುಗ, ಕೈಯಲ್ಲೊಂದು ಬಾಟಲಿ, ಇಂಥ ಹಾಡಿಲ್ಲದ ಸಿನಿಮಾ ಸಿಗುವುದೇ ಕಷ್ಟ. 2011ರಲ್ಲಿ ತಮಿಳಿನಿಂದ ಬಂದ 'ಕೊಲವೆರಿ' ಹಾಡು ನೆನಪಿರಬೇಕಲ್ಲ? ಅರ್ಥ ತಿಳಿಯದ ನಮ್ಮ ಮಕ್ಕಳೂ ದೇಶದ ಮಕ್ಕಳೂ ಕುಣಿದಾಡಿದರು. ಅದರೊಳಗಿದ್ದದ್ದೂ ಅದೇ ಸೋತ ಹುಡುಗನ ದೂರು. ತಮಾಷೆಯ ಅಂಗಿ ತೊಟ್ಟಿತ್ತು ಅಷ್ಟೆ. ನೋವನ್ನು ಹಾಡಬಾರದೆಂದು ನಾನು ಹೇಳುವುದಿಲ್ಲ, ಹಾಡಲಿ. ಆದರೆ ಬೇಡವೆಂದು ಹೇಳುವ ಹಕ್ಕೂ ಒಂದು ಹುಡುಗಿಗಿದೆ ಎಂಬ ಒಂದು ಸಾಲಾದರೂ ಇವುಗಳಲ್ಲಿ ಎಲ್ಲಾದರೂ ಕೇಳಿದ್ದೀರಾ? ಬೇಡ ಎಂಬ ಮಾತು ಈ ಹಾಡುಗಳ ನಿಘಂಟಿನಲ್ಲಿ ಯಾವಾಗಲೂ ದ್ರೋಹವೇ. ಅದನ್ನು ಕೇಳಿ ಬೆಳೆದ ಹುಡುಗ ನಾಳೆ ಯಾವಳೋ ಒಬ್ಬಳು ಬೇಡವೆಂದಾಗ ಏನೆಂದುಕೊಳ್ಳುತ್ತಾನೆ? ಪತ್ರಿಕೆ ಓದುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಹೆಣ್ಣಿನ ಕಡೆಯ ಹಾಡು ಇಲ್ಲವೇ ಇಲ್ಲ ಎನ್ನುವಂತಿಲ್ಲ. 'ನಾಗರಹಾವು' ಚಿತ್ರದಲ್ಲೇ ಇದೆ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಬಿಟ್ಟುಕೊಟ್ಟ ಅಲಮೇಲು, ಮದುವೆಯಾಗಿ ಹೋಗಿ, ಗಂಡನಿಂದಲೇ ಕೆಡುಕಿಗೆ ಬಿದ್ದು, ಕೊನೆಗೊಮ್ಮೆ ಅವನ ಕಣ್ಣಿಗೆ ಬೀಳುತ್ತಾಳೆ. ಅವಳಿಗೂ ಒಂದು ಹಾಡಿದೆ, 'ಕಥೆ ಹೇಳುವೆ'. ಪಿ. ಸುಶೀಲ ಹಾಡಿದ್ದು. ರಾಮಾಚಾರಿಯ ರೋಷಕ್ಕೆ ಕೋಟೆ ಇತ್ತು, ಬಂಡೆಗಳಿದ್ದವು, ನೂರಾರು ವರ್ಷದ ಇತಿಹಾಸವಿತ್ತು. ಅಲಮೇಲುವಿನ ಕಥೆಗೆ ನಾಲ್ಕು ಗೋಡೆ. ಅವಳನ್ನು ಬಿಟ್ಟುಕೊಡಬೇಕೆಂದು ಗಂಡಸರಿಬ್ಬರು ಮಾತಾಡಿ ತೀರ್ಮಾನ ಮಾಡಿದರು. ಅವಳನ್ನು ಯಾರು ಕೇಳಿದರು? ಐವತ್ತು ವರ್ಷಗಳಿಂದ ನಮ್ಮ ಕಡೆಯ ಪೆಂಡಾಲುಗಳಲ್ಲಿ 'ಹಾವಿನ ದ್ವೇಷ' ಕೇಳಿದ್ದೇನೆ. ಅಲಮೇಲುವಿನ ಹಾಡನ್ನು ಮೈಕಿನಲ್ಲಿ ಒಂದು ಸಲವೂ ಕೇಳಿಲ್ಲ.

ಮತ್ತೆ ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ಆ ಹಬ್ಬದ ಗಣಪತಿ ನೀರಿಗೆ ಹೋದ ಮೇಲೆ ಅವಳು ಟ್ರಂಕು ಹಿಡಿದು ಕೆಲಸದ ಊರಿಗೆ ಹೋದಳು. ಮೊದಲ ಸಂಬಳದಿಂದ ಶುರುಮಾಡಿ ತಿಂಗಳಿಗೆ ಐವತ್ತು ರೂಪಾಯಿ ಮನಿಯಾರ್ಡರು ಸೋದರಮಾವನ ಹೆಸರಿಗೆ. ಅವರು ಎರಡು ಸಲ ವಾಪಸು ಕಳಿಸಿದರು. ಅವಳು ಮತ್ತೆ ಕಳಿಸಿದಳು. ಮೂರನೆಯ ಸಲ ಸಹಿ ಮಾಡಿ ಇಟ್ಟುಕೊಂಡರು. ಎರಡು ವರ್ಷದ ಓದಿನ ಖರ್ಚು ತೀರುವವರೆಗೆ ನಡೆಯಿತು ಈ ಕೆಲಸ. ರಸೀತಿಗಳೆಲ್ಲ ಇನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. "ಯಾಕೆ ಇಟ್ಟುಕೊಂಡಿದೀಯ? ಯಾರು ಕೇಳ್ತಾರೆ ಈಗ?" ಎಂದು ಕೇಳಿದೆ. "ಯಾರೂ ಕೇಳಲ್ಲ. ನನಗೆ ನಾನೇ ತೋರಿಸ್ಕೋಬೇಕಾಗುತ್ತೆ ಒಂದೊಂದು ಸಲ" ಎಂದಳು. ಅವಳ ಆ ಮಾತು ಕೇಳಿ ನನಗೆ ಸಂಕಟವಾಯಿತು. ಎಂಥ ಗಟ್ಟಿ ಹೆಂಗಸು! ಆದರೂ ಆ ತುತ್ತೂರಿಯ ದೂರು ಅವಳೊಳಗೆ ಎಲ್ಲೋ ಮೂಲೆಯಲ್ಲಿ ಕೂತು, ಆಗಾಗ ರಸೀತಿ ಕೇಳುತ್ತಲೇ ಇತ್ತು.

ಮಾವನೂ ಆಮೇಲೆ ಮದುವೆಯಾದ. ಅವನಿಗಿಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿಸಿದ. ಅವಳು ತಾನು ಮೆಚ್ಚಿದವನನ್ನೇ ಮದುವೆಯಾಗುತ್ತೇನೆಂದಾಗ ಸೋದರಸಂಬಂಧದವರೆಲ್ಲ ಸೇರಿ ಗಲಾಟೆ ಎಬ್ಬಿಸಿದರು. ಮಾವ, "ಓದಿಸಿದ್ದು ನಾನು, ನಿಮಗೇನು?" ಎಂದು ಅವರ ಬಾಯಿ ಮುಚ್ಚಿಸಿ, ತಾನೇ ಮುಂದೆ ನಿಂತು ಮಾಡಿಸಿದ. ಆ ಮದುವೆಗೆ ಚಿಕ್ಕಮ್ಮನಿಗೆ ಲಗ್ನಪತ್ರಿಕೆ ಕೊಡಲು ಅವನೇ ಹೋಗಿದ್ದ. ಹೊಸ್ತಿಲಲ್ಲಿ ನಿಂತು, "ಬರಬೇಕು ಟೀಚರೇ" ಎಂದನಂತೆ. ಕ್ಷಮೆ ಕೇಳುವುದು ನಮ್ಮ ಕಡೆಯ ಗಂಡಸರಿಗೆ ಗೊತ್ತಿಲ್ಲ. ಚಿಕ್ಕಮ್ಮ ಅದನ್ನೇ ಕ್ಷಮೆ ಎಂದು ತೆಗೆದುಕೊಂಡಳು.

ದಾವಣಗೆರೆಯ ಕಲ್ಯಾಣಮಂಟಪ. ಆರತಕ್ಷತೆಗೆ ಆರ್ಕೆಸ್ಟ್ರಾ ಇತ್ತು. ಹಾಡುವ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. "ಹಿರಿಯರು ಯಾರಾದರೂ ಹಳೇ ಹಾಡು ಕೇಳೋದಿದ್ದರೆ ಹೇಳಿ" ಎಂದ. ಚಿಕ್ಕಮ್ಮ ಕೈಯೆತ್ತಿದಳು. ನನಗೆ ಎದೆ ಧಸಕ್ಕೆಂದಿತು. ಎರಡು ಸಾಲು ಮುಂದೆ ಮಾವ ಕೂತಿದ್ದ.

"ನಾಗರಹಾವು ಪಿಚ್ಚರಿಂದು. ಅಲಮೇಲು ಹಾಡ್ತಾಳಲ್ಲಪ್ಪ, 'ಕಥೆ ಹೇಳುವೆ'" ಎಂದಳು.

ಹುಡುಗ ಕೀಬೋರ್ಡಿನವನ ಮುಖ ನೋಡಿದ. ಅವನು ತಲೆಯಾಡಿಸಿದ. "ಅದು ಬರಲ್ಲ ಆಂಟಿ. ಅದರದ್ದೇ 'ಬಾರೆ ಬಾರೆ' ಹೇಳ್ಲಾ? 'ಹಾವಿನ ದ್ವೇಷ' ಇದೆ. ಇಲ್ಲಾ ಅಂದ್ರೆ 'ನೀನೇ ಸಾಕಿದ ಗಿಣಿ' ಚೆನ್ನಾಗಿ ಹೇಳ್ತೀನಿ."

ಮಾವ ತಿರುಗಿ ನೋಡಲಿಲ್ಲ. ಅವನ ಕತ್ತು ಮಾತ್ರ ಸ್ವಲ್ಪ ಕೆಳಗಾಯಿತು. ಚಿಕ್ಕಮ್ಮ ಒಂದು ಕ್ಷಣ ಸುಮ್ಮನಿದ್ದು, "ಹೋಗಲಿ, ಗಿಣೀದೇ ಹೇಳಪ್ಪ. ನಿಧಾನಕ್ಕೆ ಹೇಳು, ಮಾತು ತಿಳೀಬೇಕು" ಎಂದಳು. ಹುಡುಗ ಹಾಡಿದ. ಎಸ್‌ಪಿಬಿ ಅಲ್ಲ, ಆದರೂ ಪರವಾಗಿಲ್ಲ. ಚಿಕ್ಕಮ್ಮ ಕುರ್ಚಿಯ ಕೈಮೇಲೆ ಬೆರಳಿನಿಂದ ತಾಳ ಹಾಕುತ್ತ ಕೊನೆಯವರೆಗೂ ಕೇಳಿದಳು.

ಊಟಕ್ಕೆ ಏಳುವಾಗ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಆ ಹುಡುಗನಿಗೆ ಅಲಮೇಲು ಹಾಡು ಕಲಿತುಕೋ ಅಂತ ಹೇಳಬೇಕು ಕಣೇ. ನಂಬರು ಇಸಕೋ."

ಇಸಕೊಂಡು ಬಂದಿದ್ದೇನೆ.